ಭಾವಾರು ಕಟ್ಟಿದ ದಾರ

ನನ್ನ ಗಂಡನ ಅಣ್ಣ, ಅಂದ್ರ ನಮ್ಮ ಭಾವಾರು, ನನ್ನ ಗಾಡಿಗೆ ಶನಿ ಅಂತ ಹೆಸರಿಟ್ಟಿದ್ರು. ನಮ್ಮಪ್ಪ ತೀರಿ ಹೋಗೂಕಿಂತ ಮದಲ ನನ್ನ ಕೈಗೆ ಕೊಟ್ಟ ಹಳೇ ಪೆಟ್ರೋಲ್ ಕಾರು ಅದು. ಅದರಾಗ ನಾ ರೋಣದಿಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ತುಂಬ್ಕೊಂಡು ನರೇಗಲ್, ಗಜೇಂದ್ರಗಡ, ನರಗುಂದದ ಖಾನಾವಳಿಗೆ ಹಾಕಿ ಬರ್ತೀನಿ. "ಹೆಣ್ಮಕ್ಕಳು ಸ್ಟೇರಿಂಗ್ ಹಿಡದ್ರ ಮನಿ ಉದ್ಧಾರ ಆದಂಗ" ಅಂತ ಭಾವಾರು ಬಂದವ್ರ ಮುಂದೆಲ್ಲಾ ಅನ್ನೋರು. ನಾ ಒಳಗ ರೊಟ್ಟಿ ಬಡಕೋತ ಹಲ್ಲು ಕಡಿತಿದ್ದೆ. ಆದ್ರ ಅಮಾಸಿ ಬಂದ್ರ ಗಾಡಿ ಪೂಜಿ ಅವ್ರೇ ಮಾಡಬೇಕು. ಹಿರೇರಲ್ಲ! ಲಿಂಬಿಹಣ್ಣು, ಮೆಣಸಿನಕಾಯಿ ಕರೀ ದಾರಕ್ಕ ಪೋಣಿಸಿ ಬಂಪರಿಗೊಂದು ಕಟ್ಟೋರು. ಎಂಜಿನ್ನಿಗೂ ಕಣ್ಣು ಹತ್ತತೈತಿ ಅಂತ ಬಾನೆಟ್ ಎತ್ತಿ ಒಳಗೂ ಒಂದು ಬಿಗಿಯೋರು.

ಈ ಸಲ ಬ್ಯಾಸಿಗ್ಯಾಗ ಗಾಡಿ ಮಿಸ್ಸಿಂಗ್ ಹೊಡ್ಯಾಕ ಹತ್ತಿತು. ಮುಂಜಾನಿ ತಂಪಿನ್ಯಾಗ ಚಲೋ ಓಡೂದು. ಬಿಸಲೇರಿ ಎಂಜಿನ್ ಕಾದ ಕೂಡ್ಲೇ ಕೆಮ್ಮು ಹತ್ತಿದ ಮುದುಕನಂಗ ಜಗ್ಗಿ ಜಗ್ಗಿ, ಏರು ಬಂದ್ರ ನಿಂತ ಬಿಡೂದು. ನರಗುಂದದ ಮೇಸ್ತ್ರಿ ಕಾರ್ಬುರೇಟರ್ ಬಿಚ್ಚಿ ತೊಳದ. ಗಜೇಂದ್ರಗಡದಾಂವ ಎಂಜಿನ್ನಿನ ಪೆಟ್ರೋಲ್ ಪಂಪಿಗೆ ಹಸೀ ಅರಬಿ ತುಂಡು ಸುತ್ತವಾ ಅಂದ, ಸುತ್ತಿದೆ. ಏನೂ ಫರಕ ಬೀಳಲಿಲ್ಲ. ಎರಡು ಖಾನಾವಳಿಯವ್ರು ನಿಮ್ಮ ರೊಟ್ಟಿ ಹೊತ್ತಿಗೆ ಬರೂದಿಲ್ರಿ ಅಂತ ಬ್ಯಾರೆ ಕಡೆ ಹೇಳಿದ್ರು.

ಭಾವಾರಿಗೆ ಅಷ್ಟ ಸಾಕಾತು. "ನೋಡವಾ, ಗಜೇಂದ್ರಗಡದ ಗುಜರಿಯವ್ನ ಜೋಡಿ ಮಾತಾಡೇನಿ. ರವಿವಾರ ನಾನ ಮುಂದ ನಿಂತು ಕೊಟ್ಟು ಬರ್ತೀನಿ. ನೀ ಮನ್ಯಾಗ ಆರಾಮ ಇರು" ಅಂದ್ರು. ಆರಾಮಂತ! ಗಾಡಿ ಹೋದ್ರ ನನ್ನ ದಂಧೆ ಹೋತು, ನಾ ಒಲಿ ಮುಂದ ಕುಂತೆ. ನಮ್ಮ ಮನಿಯವ್ರ ಮಾರಿ ನೋಡಿದೆ. "ಅಣ್ಣ ಅಂದಮ್ಯಾಲ ಮುಗೀತು" ಅಂದು ಮೊಬೈಲ್ ತಿಕ್ಕೋತ ಕುಂತ್ರು. ನನಗ ಮೈಯೆಲ್ಲಾ ಉರಿ ಹತ್ತಿತು.

ಶನಿವಾರ ಮಧ್ಯಾಹ್ನ ಹಿತ್ತಲದಾಗ ಸುಡು ಬಿಸಲಿಗೆ ಗಾಡಿ ನಿಲ್ಲಿಸಿ ಚಾಲೂ ಬಿಟ್ಟೆ. ಮಿಸ್ಸಿಂಗ್ ಸುರು ಆಗೂತನಾ ಕಾಯ್ದು, ನಮ್ಮಪ್ಪ ಮಾಡ್ತಿದ್ದಂಗ ಕೈಗೆ ದಪ್ಪ ಒಣ ಅರಬಿ ಸುತ್ಕೊಂಡು ಒಂದೊಂದ ಪ್ಲಗ್ಗಿನ ವೈರ್ ಕಿತ್ತು ನೋಡಿದೆ. ಕೆಲಸ ಮಾಡೋ ಪ್ಲಗ್ಗಿನ ವೈರ್ ಕಿತ್ರ ಎಂಜಿನ್ ಇನ್ನಷ್ಟು ಒದ್ದಾಡತೈತಿ. ಮೊದಲಿನ ಎರಡಕ್ಕೂ ಒದ್ದಾಡಿತು. ಮೂರನೇದು ಕಿತ್ರ ಏನೂ ಆಗಲಿಲ್ಲ. ಸಿಕ್ಕಿದಿ ಮಗನ ಅಂದೆ. ಆ ವೈರ್ ಹಿಡದು ಕೆಳಗ ಬಗ್ಗಿ ನೋಡಿದ್ರ, ಭಾವಾರ ಕರೀ ದಾರ! ಲಿಂಬಿಹಣ್ಣಿನ ಭಾರಕ್ಕ ಬಿಗಿಯಾಗಿ ವೈರನ್ನ ಎಳದು ಕಾದ ಸೈಲೆನ್ಸರ್ ಪೈಪಿಗೆ ಹಚ್ಚಿ ಬಿಟ್ಟೈತಿ. ರಬ್ಬರ್ ಸುಟ್ಟು ತೂತು ಬಿದ್ದು, ಕಾದ ಕೂಡ್ಲೇ ಕರೆಂಟ್ ಚಟ್ ಚಟ್ ಅಂತ ಪೈಪಿಗೆ ಹಾರತಿತ್ತು.

ಕತ್ರಿ ತಗೊಂಡು ಆಗ್ಲೇ ಕತ್ತರಿಸಬಹುದಿತ್ತು. ಕತ್ತರಿಸಲಿಲ್ಲ. ಗಾಡಿ ಚಲೋ ಆದ್ರ "ನನ್ನ ಪೂಜಿ ಫಲ" ಅಂತಿದ್ರು, ಅವ್ರನ್ನ ನಾ ಅರಿಯೆನೇನು? ಹೊಸಾ ವೈರ್ ತಂದು ಬ್ಯಾಗಿನ್ಯಾಗ ಮುಚ್ಚಿಟ್ಟೆ.

ರವಿವಾರ ಭಾವಾರು ಇಸ್ತ್ರಿ ಧೋತರ ಉಟ್ಕೊಂಡು ಮುಂಜಾನೇನ ಬಂದ್ರು. ನಾ ಹೋಳಿಗಿ ಮಾಡಿದ್ದೆ. "ಉಂಡ ಹೋಗೂಣ್ರಿ ಭಾವಾರ, ಗಾಡಿ ನಾನ ಹೊಡಿತೀನಿ, ಇದ ಕಡೀ ಸಲ" ಅಂದೆ. ತುಪ್ಪ ಹಾಕಿದೆ, ಮತ್ತ ಹಾಕಿದೆ, ಹೊತ್ತು ನೆತ್ತಿಗೇರಿತು. ಆಮ್ಯಾಲೆ ಹೊಂಟ್ವಿ. ಮುಶಿಗೇರಿ ಹತ್ರ ಏರಿನ್ಯಾಗ ಗಾಡಿ ಕೆಮ್ಮಿ ನಿಂತಿತು.

"ಇಳೀರಿ, ಸ್ವಲ್ಪ ನೂಕಬೇಕ್ರಿ" ಅಂದೆ. ಇಳದ್ರು, ನೂಕಿದ್ರು. ಧೋತರದ ಚುಂಗು ಗಾಲಿಗೆ ಬಡೀತು, ಮಾರಿ ಕೆಂಪಾತು. ಬೇವಿನ ಗಿಡದ ಕೆಳಗ ಬಸ್ಸಿಗೆ ಕಾಯೋ ಮಂದಿ ನಕ್ಕಿತು. ಖರೇ ಹೇಳ್ತೀನಿ, ಕನ್ನಡಿಯಾಗ ಅವ್ರನ್ನ ನೋಡಿ ನನ್ನ ಹೊಟ್ಟಿ ತಣ್ಣಗಾತು. ಬ್ರೇಕ್ ಮ್ಯಾಲಿನ ಕಾಲು ತಗೀಲಿಕ್ಕೆ ಸ್ವಲ್ಪ ತಡಾನೂ ಮಾಡಿದೆ.

ಸಾಕಾದಮ್ಯಾಲ ಬಾನೆಟ್ ಎತ್ತಿ ಮಂದೀನೆಲ್ಲಾ ಕರದೆ. "ಭಾವಾರ, ಈ ದಾರ ಯಾರು ಕಟ್ಟಿದ್ರು?"

"ನಾನ" ಅಂದ್ರು, ಏದುಸಿರು ಬಿಡ್ಕೋತ.

ಸುಟ್ಟ ವೈರ್ ತೋರ್ಸಿದೆ. ದಾರ ಕತ್ತರಿಸಿ, ಹೊಸಾ ವೈರ್ ಹಾಕಿ ಚಾವಿ ತಿರುವಿದೆ. ಒಂದ ಹೊಡ್ತಕ್ಕ ಚಾಲೂ ಆತು, ಎಂಜಿನ್ ಕಾದಿದ್ರೂ ಜಗ್ಗಲಿಲ್ಲ. "ಶನಿ ಲಿಂಬಿಹಣ್ಣಿನ್ಯಾಗ ಕುಂತಿತ್ತಲ್ರೀ ಯಜಮಾನ್ರ!" ಅಂತ ಒಬ್ಬಾಕಿ ಅಂದ್ಲು. ಭಾವಾರು ಧೋತರದ ಧೂಳು ಝಾಡಸಾಕ ಹತ್ತಿದ್ರು.

"ನಿಮ್ಮ ತಮ್ಮಗ ಫೋನ್ ಹಚ್ರಿ. ಗಾಡಿ ಗುಜರಿಗೆ ಹೋಗೂದಿಲ್ಲ ಅಂತ ನಿಮ್ಮ ಬಾಯಿಂದ ಹೇಳ್ರಿ. ಸ್ಪೀಕರ್ ಹಾಕ್ರಿ" ಅಂದೆ.

ಹಚ್ಚಿದ್ರು. "ಗಾಡಿ ಇರ್ಲಿ ಬಿಡಪಾ, ಕೊಡೂದು ಬ್ಯಾಡ" ಅಂದ್ರು.

ಆ ಕಡಿಂದ ನಮ್ಮ ಮನಿಯವ್ರ ಅರೆನಿದ್ದಿ ದನಿ. "ಆತ್ ಬಿಡಣ್ಣ, ನೀ ಅಂದಂಗ." ಯಾಕ ಅಂತ ಕೇಳಲಿಲ್ಲ. ಎಲ್ಲಿ ನಿಂತೀರಿ, ಆಕಿ ಹ್ಯಾಂಗ ಅದಾಳ ಅಂತ ಕೇಳಲಿಲ್ಲ. ಫೋನ್ ಇಟ್ಟೇ ಬಿಟ್ರು.

ನನ್ನ ಗಾಡಿ ಉಳೀತು, ದಂಧೆ ಉಳೀತು. ಭಾವಾರು ಬೆವರು ಒರಸ್ಕೋತ ಬಂದು ಪಕ್ಕದಾಗ ಕುಂತಾಗ ಮಾತ್ರ ಅವ್ರ ಮ್ಯಾಲ ನನಗ ಸಿಟ್ಟ ಉಳದಿರಲಿಲ್ಲ. ಖರೇ ಅಂದ್ರ ಬಿಸಲಾಗ ಗಾಡಿ ನೂಕಬೇಕಾದಾಂವ, ನನ್ನ ಗಂಡ, ಮನ್ಯಾಗ ಫ್ಯಾನಿನ ಕೆಳಗ ಮಲಗಿದ್ದ.