ಬತ್ತಿ ಸಿಡಿದ ಬೆಳಿಗ್ಗೆ

ಆ ಬೀದಿಯಲ್ಲಿ ಯಾರ ಮೊಣಕಾಲು ಹಿಡಿದುಕೊಂಡರೂ ಜನ ಮೊದಲು ಹೋಗುತ್ತಿದ್ದದ್ದು ಎಣ್ಣೆಯಕ್ಕನ ಅಡುಗೆಮನೆಗೆ. ಅತ್ತೆ ಹಾಸಿಗೆ ಹಿಡಿದಿದ್ದಾಗ ಅವರ ಕಾಲು ತಿಕ್ಕಲೆಂದು ಅವಳೇ ಕಂಡುಕೊಂಡ ಎಣ್ಣೆ ಅದು. ಎಳ್ಳೆಣ್ಣೆಗೆ ಸೊಪ್ಪಿನ ರಸ, ಶುಂಠಿ, ಬೆಳ್ಳುಳ್ಳಿ ಹಾಕಿ ಸಣ್ಣ ಉರಿಯಲ್ಲಿ ಕಾಯಿಸುವುದು. ಎಷ್ಟೋ ಸಲ ಸೀದು, ಎಷ್ಟೋ ಸಲ ಕೆಟ್ಟು, ಕೊನೆಗೆ ಹದ ಕೈಗೆ ಬಂದಿತ್ತು. ಅತ್ತೆ ಮಾತ್ರ ಸಾಯುವವರೆಗೂ ಅದರ ಘಾಟಿಗೆ ಮೂಗು ಮುರಿದರೇ ಹೊರತು ಒಂದು ಒಳ್ಳೆಯ ಮಾತು ಆಡಲಿಲ್ಲ.

ಮೈದುನನ ಹೆಂಡತಿ ಕಲಿಯುತ್ತೇನೆಂದು ಬಂದು ಒಲೆಯ ಪಕ್ಕ ಕೂತಳು. ಎಣ್ಣೆಯಕ್ಕ ಅವಳಿಗೆ ಇಟ್ಟ ಹೆಸರು ನಾಜೂಕಮ್ಮ. ರಸ ಹಿಂಡುವುದನ್ನೂ ಉರಿ ತಗ್ಗಿಸುವುದನ್ನೂ ನೋಡುತ್ತಿದ್ದಳು. ನೊರೆ ಎದ್ದು ಘಾಟು ಏರಿತೋ, "ತಲೆನೋವು ಅಕ್ಕ" ಎಂದು ಎದ್ದು ಹೋಗುತ್ತಿದ್ದಳು. ಬತ್ತಿಯ ಪರೀಕ್ಷೆ ನಡೆಯುತ್ತಿದ್ದದ್ದು ಆಮೇಲೆ. ಹತ್ತಿಯ ಬತ್ತಿಯನ್ನು ಎಣ್ಣೆಗೆ ಅದ್ದಿ ಹಚ್ಚಿದರೆ ಸದ್ದಿಲ್ಲದೆ ಉರಿಯಬೇಕು. ಚಟಪಟ ಎಂದರೆ ಒಳಗೆ ಇನ್ನೂ ನೀರಿದೆ, ಎಣ್ಣೆ ಕೆಡುತ್ತದೆ.

ಒಂದು ದಿನ ನಾಜೂಕಮ್ಮ ಪೇಟೆಯಲ್ಲಿ ಅಂಗಡಿ ತೆರೆದಳು. ಬಾಟಲಿಗೆ ಅಂಟಿಸಿದ ಚೀಟಿಯ ಮೇಲೆ ತೀರಿಹೋದ ಅತ್ತೆಯ ಫೋಟೊ, ಕೆಳಗೆ 'ಅತ್ತೆ ಕಲಿಸಿದ ಎಣ್ಣೆ'. ಯಾರಾದರೂ ಎಣ್ಣೆಯಕ್ಕನ ಹೆಸರೆತ್ತಿದರೆ, "ಪಾಪ, ಅವರು ಪಾತ್ರೆ ತೊಳೆದುಕೊಡ್ತಿದ್ರು" ಎನ್ನುತ್ತಿದ್ದಳಂತೆ. ಉಂಡ ಮನೆಗೆ ಎರಡು ಬಗೆಯುವುದೆಂದರೆ ಇದೇ. ಆ ಮಾತು ಕಿವಿಗೆ ಬಿದ್ದ ದಿನ ಎಣ್ಣೆಯಕ್ಕ ತಟ್ಟೆ ಬಿಟ್ಟು ಎದ್ದಳು. ಆದರೆ ಜಗಳಕ್ಕೆ ಹೋಗಲಿಲ್ಲ. ಸೇಡನ್ನೂ ಸಣ್ಣ ಉರಿಯಲ್ಲೇ ಕಾಯಿಸಬೇಕು ಎಂಬುದು ಅವಳ ಲೆಕ್ಕ.

ಮಳೆಗಾಲ ಬಂತು. ಬಾಟಲಿಗಳು ಹುಳಿ ನಾತ ಹೊಡೆಯತೊಡಗಿದವು. ಕೊಂಡವರು ವಾಪಸು ತಂದು ಅಂಗಡಿಯ ಮುಂದೆ ಗುಂಪುಗಟ್ಟಿದ್ದ ಬೆಳಿಗ್ಗೆ ಎಣ್ಣೆಯಕ್ಕ ಬತ್ತಿ, ಬೆಂಕಿಪೊಟ್ಟಣ ಹಿಡಿದು ಅಲ್ಲಿಗೆ ಹೋದಳು. ಎಲ್ಲರ ಎದುರು ಹೊಸ ಬಾಟಲಿ ತೆರೆದು, ಬತ್ತಿ ಅದ್ದಿ ಹಚ್ಚಿದಳು. ಕಾದ ಎಣ್ಣೆಗೆ ಬಿದ್ದ ಸಾಸಿವೆಯ ಹಾಗೆ ಸಿಡಿಯಿತು.

"ಬರೀ ನೀರು," ಎಂದಳು. "ಇಷ್ಟೂ ಹೇಳ್ಕೊಡಲಿಲ್ವಾ ಅತ್ತೆ?"

ನಾಜೂಕಮ್ಮನ ಮುಖ ಸುಟ್ಟ ಬದನೆಕಾಯಿಯಾಯಿತು. ಹತ್ತಿರ ಬಂದು ಪಿಸುಗುಟ್ಟಿದಳು. "ಜನರ ಮುಂದೆ ಮಾನ ಕಳೀಬೇಡಿ ಅಕ್ಕ. ಜಾಸ್ತಿ ಕಾಯಿಸಿದ್ರೆ ಸೀದುಹೋಗುತ್ತೆ, ಕಮ್ಮಿಯಾದ್ರೆ ಹೀಗಾಗುತ್ತೆ. ಹದ ಒಂದು ಹೇಳ್ಕೊಡಿ."

"ಮೊದಲು ಚೀಟಿ ಕೀಳು. ಎಲ್ಲಾ ಬಾಟಲಿದೂ."

ಎಣ್ಣೆಯಕ್ಕ ಗಿರಾಕಿಗಳ ಸ್ಟೂಲು ಎಳೆದುಕೊಂಡು ಕೂತಳು. ನಾಜೂಕಮ್ಮ ಉಗುರಿನಿಂದ ಕೆರೆದಳು, ಒದ್ದೆ ಬಟ್ಟೆಯಿಂದ ಉಜ್ಜಿದಳು. ವರ್ಷಗಟ್ಟಲೆ ಕಾಲು ತಿಕ್ಕಿಸಿಕೊಂಡು ಮೂಗು ಮುರಿದ ಅತ್ತೆಯ ಮುಖ ಚೂರುಚೂರಾಗಿ ನೆಲಕ್ಕೆ ಬಿತ್ತು. ಎಣ್ಣೆಯಕ್ಕನ ಹೊಟ್ಟೆ ತಣ್ಣಗಾಯಿತು. ಅಯ್ಯೋ ಪಾಪ ಅಂತ ಒಂದಿಷ್ಟೂ ಅನ್ನಿಸಲಿಲ್ಲ.

ಕೊನೆಯ ಬಾಟಲಿಯೂ ಬೋಳಾಯಿತು. ನಾಜೂಕಮ್ಮ ಕೈ ಒರೆಸಿಕೊಂಡು ಎದುರು ನಿಂತಳು.

"ಈಗ ಹೇಳಿ ಅಕ್ಕ."

ಎಣ್ಣೆಯಕ್ಕ ಎದ್ದು ಚಪ್ಪಲಿ ಮೆಟ್ಟಿಕೊಂಡಳು. ನೆಲದ ಮೇಲಿನ ಚೂರುಗಳನ್ನು ಬೆರಳು ಮಾಡಿ ತೋರಿಸಿ, "ಕಲಿಸಿದವರನ್ನೇ ಕೇಳ್ಕೊ" ಎಂದು ಮನೆಯ ದಾರಿ ಹಿಡಿದಳು.