ಇಟಲಿಯ ಮುದುಕಿ ಆಡದ ಮಾತು

ನಮ್ಮ ಮನೆಯಲ್ಲಿ ಹೊತ್ತು ಮುಳುಗುವ ಮುಂಚೆ ಊಟ ಮುಗಿಯಬೇಕು. ಜೈನರ ಮನೆ. ಅತ್ತೆಯವರು ಈ ವಿಷಯದಲ್ಲಿ ಗಡಿಯಾರವನ್ನೂ ನಂಬುವುದಿಲ್ಲ, ಹಿತ್ತಲಿಗೆ ಬಂದು ಆಕಾಶ ನೋಡುತ್ತಾರೆ. ಬೋರಗಾಂವದ ಬೇರೆ ಮನೆಗಳಲ್ಲಿ ಹೆಂಗಸರು ರೊಟ್ಟಿ ಬಡಿಯಲು ಕೂರುವ ಹೊತ್ತಿಗೆ ನಮ್ಮ ಒಲೆ ಆರಿ, ಪಾತ್ರೆ ತೊಳೆದು ಬೋರಲು ಹಾಕಿಯಾಗಿರುತ್ತದೆ. ಹೀಗಾಗಿ ಈ ಮನೆಯ ಇಬ್ಬರು ಸೊಸೆಯಂದಿರಿಗೆ, ಅಂದರೆ ನನಗೂ ಮೈದುನನ ಹೆಂಡತಿಯಾದ ನನ್ನ ನೆಗೆಣ್ಣಿಗೂ, ಊರಿನ ಯಾವ ಸೊಸೆಗೂ ಸಿಗದಷ್ಟು ಉದ್ದನೆಯ ಸಂಜೆ ಸಿಗುತ್ತದೆ. ಆ ಸಂಜೆಯನ್ನು ನಾವು ಕೊಲೆ ನೋಡುತ್ತ ಕಳೆಯುತ್ತೇವೆ.

ಇಟಲಿಯ ಹಳೆಯ ಸಿನಿಮಾಗಳು. ಕರಿ ಕೈಗವಸಿನ ಕೊಲೆಗಾರ, ದೊಡ್ಡ ದೊಡ್ಡ ಬಂಗಲೆ, ಕಾರಣವೇ ಇಲ್ಲದೆ ಬೀಳುವ ಕೆಂಪು ನೀಲಿ ಬೆಳಕು, ಕುಂಕುಮ ಕದಡಿದಂಥ ರಕ್ತ. ಈ ಚಟ ನಾನು ಅಥಣಿಯ ಕಾಲೇಜಿನಲ್ಲಿ ಹತ್ತಿಸಿಕೊಂಡು ಐಗಳಿಯ ತವರುಮನೆಯಿಂದ ಇಲ್ಲಿಗೆ ತಂದದ್ದು. ಹುಳ ಸಾಯಬಾರದೆಂದು ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವ ಮನೆಯಲ್ಲಿ ಕೂತು ಇದನ್ನೆಲ್ಲ ನೋಡುವುದು ಪಾಪವೋ ಏನೋ. ನೆಲದೊಳಗೆ ಬೆಳೆಯುವ ಬಟಾಟಿ ತಿನ್ನುವುದಿಲ್ಲವಲ್ಲ, ಅಲ್ಲಿಗಲ್ಲಿಗೆ ಸರಿಹೋಗುತ್ತದೆ ಎಂದುಕೊಂಡಿದ್ದೇನೆ.

ಮುಂದಿನ ಶೆಡ್ಡಿನಲ್ಲಿ ಗಂಡಂದಿರ ಪವರ್‌ಲೂಮ್‌ಗಳು ಓಡುತ್ತಿರುತ್ತವೆ. ಆ ಖಟಾಖಟ್ ಸದ್ದಿನಲ್ಲಿ ಮೊಬೈಲಿನ ದನಿ ಕೇಳುವ ಮಾತೇ ಇಲ್ಲ. ಕೇಳಿದರೂ ಇಟಲಿಯ ಭಾಷೆ ಯಾರಿಗೆ ಬರುತ್ತದೆ. ಪರದೆಯ ಕೆಳಗೆ ಓಡುವ ಇಂಗ್ಲಿಷ್ ಅಕ್ಷರಗಳನ್ನು ಓದಿಯೇ ತಿಳಿಯಬೇಕು. ನನ್ನ ನೆಗೆಣ್ಣಿ ಗಡಿಯಾಚೆ ಮಹಾರಾಷ್ಟ್ರದ ಹಳ್ಳಿಯವಳು, ಮರಾಠಿ ಶಾಲೆಯಲ್ಲಿ ಕಲಿತವಳು. ಮದುವೆಯಾಗಿ ಬಂದ ಹೊಸದರಲ್ಲಿ, ‘ನನಗ ಇಂಗ್ಲಿಷ್ ಅಷ್ಟಕ್ಕಷ್ಟ ಅಕ್ಕಾ, ನೀನ ಓದಿ ಹೇಳ’ ಎಂದಳು. ಅಂದಿನಿಂದ ಮೊಬೈಲನ್ನು ಬೇಳೆಯ ಡಬ್ಬಿಗೆ ಆನಿಸಿ, ಅವಳ ಕಿವಿಗೆ ಬಾಯಿ ಹಚ್ಚಿ, ಎಲ್ಲರ ಮಾತನ್ನೂ ನಾನು ಕನ್ನಡದಲ್ಲಿ ಹೇಳುತ್ತ ಬಂದೆ. ಪೊಲೀಸನೂ ನಾನೇ, ಕೊಲೆಗಾರನೂ ನಾನೇ, ಸಾಯುವ ಹುಡುಗಿಯೂ ನಾನೇ.

ಮಾತು ತೀರ ಸಪ್ಪೆಯಾಗಿದ್ದಾಗ ನಾನು ಕೈಯಿಂದ ಒಂದಿಷ್ಟು ಹಾಕುತ್ತಿದ್ದೆ. ಸಾರಿಗೆ ಉಪ್ಪು ಕಡಿಮೆಯಾದರೆ ಹಾಕುವುದಿಲ್ಲವೇ, ಹಾಗೆ. ಒಂದು ಸಿನಿಮಾದಲ್ಲಿ ಮುದುಕಿಯೊಬ್ಬಳು ಒಲೆಯ ಮುಂದೆ ನಿಂತು ಗಂಜಿಯಂಥದ್ದೇನನ್ನೋ ತಿರುವುತ್ತಿರುತ್ತಾಳೆ. ಹಿಂದಿನಿಂದ ಕೊಲೆಗಾರ ಬರುತ್ತಾನೆ. ಅವಳು ತಿರುಗಿ ನೋಡುವುದೂ ಇಲ್ಲ, ‘ನೀನಾ’ ಅನ್ನುತ್ತಾಳೆ, ಅಷ್ಟೆ. ನನಗೆ ಅಷ್ಟು ಸಾಲಲಿಲ್ಲ. ನೆಗೆಣ್ಣಿಯ ಕಿವಿಯಲ್ಲಿ, ‘ನೀ ಬರ್ತಿ ಅಂತ ಗೊತ್ತಿತ್ತ. ಅದಕ್ಕ ಇಬ್ಬರಿಗಿ ಆಗೂವಷ್ಟ ಅಡಗಿ ಮಾಡೇನಿ’ ಎಂದೆ. ಅವಳು ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಂಥ ಕೇಳುವವಳು ಸಿಗಲು ಪುಣ್ಯ ಮಾಡಿರಬೇಕು ಅಂತ ಅವತ್ತು ನನಗೆ ಅನ್ನಿಸಿತ್ತು.

ಹಾಳಾಗಿದ್ದು ವಾಟ್ಸಾಪ್ ಗುಂಪಿನಿಂದ. ಇಂಥ ಸಿನಿಮಾಗಳ ಹುಚ್ಚಿರುವವರದೇ ಒಂದು ಗುಂಪು. ಚಿಕ್ಕೋಡಿಯ ಕಾಲೇಜಿನಲ್ಲಿ ಪಾಠ ಮಾಡುವ ಒಬ್ಬ ಸರ್ ಅದನ್ನು ಕಟ್ಟಿದವರು. ನಿಪ್ಪಾಣಿ, ರಾಯಬಾಗ, ಕಾಗವಾಡದ ಕಡೆಯವರೆಲ್ಲ ಇದ್ದಾರೆ. ಅಥಣಿಯಲ್ಲಿ ಔಷಧಿ ಅಂಗಡಿ ಇಟ್ಟಿರುವ ಒಬ್ಬರಿಗಂತೂ ಯಾವ ಸಿನಿಮಾದಲ್ಲಿ ಯಾರು ಯಾವ ಬಾಗಿಲಿನಿಂದ ಬರುತ್ತಾರೆ ಎಂಬುದೂ ಬಾಯಿಪಾಠ. ಕೊಲೆಗಾರ ಯಾರೆಂದು ಕೊನೆಗೆ ತಿಳಿದಾಗ ತಲೆಬುಡ ಇರುವುದಿಲ್ಲ ಎಂದು ಒಬ್ಬರು ಬೈದರೆ, ಕಥೆ ಯಾರಿಗೆ ಬೇಕು, ಬಣ್ಣ ನೋಡಿ, ಸಂಗೀತ ಕೇಳಿ ಎಂದು ಇನ್ನೊಬ್ಬರು ಏರಿ ಬರುತ್ತಾರೆ. ನಾನು ಅಲ್ಲಿ ಉದ್ದುದ್ದ ಅಭಿಪ್ರಾಯ ಬರೆಯುತ್ತಿದ್ದೆ. ಸರ್ ಒಬ್ಬರೇ ಹೆಬ್ಬೆರಳಿನ ಚಿತ್ರ ಒತ್ತುತ್ತಿದ್ದರು. ಅದೂ ಒಮ್ಮೊಮ್ಮೆ.

ನೆಗೆಣ್ಣಿಯನ್ನು ಆ ಗುಂಪಿಗೆ ಸೇರಿಸಿದವಳೂ ನಾನೇ. ಬಂದ ವಾರದಲ್ಲೇ ಅವಳು ಬರೆಯುವ ಬದಲು ಮಾತಾಡಿ ಒಂದು ವಾಯ್ಸ್ ಮೆಸೇಜ್ ಕಳಿಸಿದಳು. ‘ಇಂಥಾ ಸಿನಿಮಾದಾಗ ಹೊತ್ತ ಮುಣಗಿದ ಮ್ಯಾಲ ಉಂಡವ್ರ ಅಷ್ಟೂ ಮಂದಿ ಸಾಯ್ತಾರ ನೋಡ್ರಿ. ನಮ್ಮ ಅತ್ತಿಯವರಂಗ ಹೊತ್ತಿದ್ದಾಗ ಉಂಡ ಮಲಗಿದ್ರ ಒಬ್ರೂ ಸಾಯ್ತಿದ್ದಿಲ್ಲ.’

ಗುಂಪು ಎದ್ದು ಕುಣಿಯಿತು. ಹೃದಯದ ಚಿತ್ರಗಳು, ನಗುವ ಮುಖಗಳು, ಲೈ ಭಾರಿ, ಲೈ ಭಾರಿ ಎಂಬ ಮೆಚ್ಚುಗೆ. ಅಥಣಿಯವರು ಹಳೆಯ ಸಿನಿಮಾಗಳನ್ನೆಲ್ಲ ಮತ್ತೆ ನೋಡಿ, ಬಹಳಷ್ಟರಲ್ಲಿ ಇದು ಖರೆ ಎಂದು ಬರೆದರು. ಮುಂದಿನ ವಾರ ಅವಳು, ಆ ಸಿನಿಮಾದ ಜನರ ತುಟಿ ಒಂದು ಹೇಳುತ್ತದೆ, ದನಿ ಇನ್ನೊಂದು ಹೇಳುತ್ತದೆ, ಅತ್ತೆಯ ಮುಂದೆ ಸೊಸೆ ಮಾತಾಡಿದ ಹಾಗೆ ಎಂದಳು. ಇಟಲಿಯಲ್ಲಿ ಚಿತ್ರ ತೆಗೆದಾದ ಮೇಲೆ ದನಿ ಕೂಡಿಸುತ್ತಿದ್ದರು ಎಂದು ನಾನು ಒಂದು ಪುಟ ಬರೆದು ಹಾಕಿದ್ದೆ. ಅದನ್ನು ಯಾರೂ ಓದಿರಲಿಲ್ಲ. ಇವಳ ಒಂದು ಮಾತಿಗೆ ಎಲ್ಲರೂ ಅವಳನ್ನು ತಲೆಯ ಮೇಲೆ ಕೂರಿಸಿಕೊಂಡರು.

ನನಗೆ ಹೊಟ್ಟೆ ಉರಿಯಿತು. ಸುತ್ತಿ ಬಳಸಿ ಹೇಳುವುದೇನಿದೆ, ಮೈಯೆಲ್ಲ ಉರಿಯಿತು. ಅವಳು ನೋಡಿದ ಸಿನಿಮಾ ನನ್ನ ಬಾಯಿಂದ ಬಂದದ್ದು. ನಾನು ಓದದಿದ್ದರೆ ಅವಳಿಗೆ ಯಾರು ಸತ್ತರು, ಯಾಕೆ ಸತ್ತರು ಎಂದೇ ತಿಳಿಯುತ್ತಿರಲಿಲ್ಲ. ಅದಕ್ಕಿಂತ ಹೆಚ್ಚು ಉರಿದದ್ದು ಇನ್ನೊಂದಕ್ಕೆ. ಇಂಥ ಮಾತನ್ನೆಲ್ಲ ಮೊದಲು ಪಾತ್ರೆ ತೊಳೆಯುತ್ತ ನನಗೊಬ್ಬಳಿಗೇ ಹೇಳುತ್ತಿದ್ದಳು. ಈಗ ಮೊಬೈಲನ್ನು ತುಟಿಯ ಹತ್ತಿರ ಹಿಡಿದುಕೊಂಡು ರಾಯಬಾಗದವರಿಗೂ ಕಾಗವಾಡದವರಿಗೂ ಹಂಚುತ್ತಿದ್ದಳು. ನನ್ನ ಪಾಲಿಗೆ ಪಾತ್ರೆಗಳು ಉಳಿದವು.

ಸೇಡು ತೀರಿಸಿಕೊಳ್ಳುವ ದಾರಿ ನನ್ನ ಬಾಯಲ್ಲೇ ಇತ್ತು. ಓದುವುದನ್ನು ಮೊಟಕು ಮಾಡಿದೆ. ಪರದೆಯ ಮೇಲೆ ಪಾದ್ರಿ ಕೈಯೆತ್ತಿ ಎಷ್ಟೋ ಹೊತ್ತು ಮಾತಾಡಿದರೂ, ‘ಏನೋ ಅಂದ’ ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದೆ. ‘ಮತ್ತ?’ ಎನ್ನುತ್ತಿದ್ದಳು. ‘ಮತ್ತೇನಿಲ್ಲ’ ಎನ್ನುತ್ತಿದ್ದೆ. ಅವಳು ಕಿವಿಯನ್ನು ನನ್ನ ಕಡೆಗೆ ಇನ್ನಷ್ಟು ಸರಿಸುತ್ತಿದ್ದಳು. ನಾನು ಪರದೆ ನೋಡುತ್ತ ಕೂರುತ್ತಿದ್ದೆ. ಹಾಗೆ ಕೂತರೆ ಸಿನಿಮಾ ನನಗೂ ರುಚಿಸುತ್ತಿರಲಿಲ್ಲ, ಆದರೂ ಬಿಡಲಿಲ್ಲ.

ಅಷ್ಟರಲ್ಲಿ ಸರ್, ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ಚಿಕ್ಕೋಡಿಯ ತಮ್ಮ ಮನೆಯ ಮಹಡಿಯಲ್ಲಿ ಸೇರೋಣ ಎಂದು ಬರೆದರು. ಕೊನೆಯಲ್ಲಿ, ಬೋರಗಾಂವದ ತಂಗಿ ಬರಲೇಬೇಕು ಎಂದೂ ಸೇರಿಸಿದ್ದರು. ಬೋರಗಾಂವದಿಂದ ಅವಳಿಗಿಂತ ಮೊದಲು ಸೇರಿದ ಅಕ್ಕ ಒಬ್ಬಳಿದ್ದಾಳೆ ಎಂಬುದು ಅವರಿಗೆ ನೆನಪಾದಂತೆ ಕಾಣಲಿಲ್ಲ. ಮಹಿಳಾ ಮಂಡಳದ ಸಭೆ ಎಂದು ಅತ್ತೆಯವರಿಗೆ ಹೇಳಿದೆವು. ‘ಹೊತ್ತ ಮುಣಗೂದ್ರಾಗ ಬರ್ರಿ’ ಎಂದಷ್ಟೇ ಅವರು ಹೇಳಿದರು.

ಸರ್ ಮನೆಯ ಮಹಡಿಯಲ್ಲಿ ಜಮಖಾನೆ ಹಾಸಿತ್ತು, ಗೋಡೆಗೆ ದೊಡ್ಡ ಟಿವಿ. ಅವಲಕ್ಕಿ, ಚಹಾ ಬಂದವು. ಮಾತು ಸುತ್ತಿ ಸುತ್ತಿ ಅವಳ ಹತ್ತಿರವೇ ಬಂದು ನಿಲ್ಲುತ್ತಿತ್ತು. ‘ಇಷ್ಟೆಲ್ಲಾ ನೋಡೀರಿ, ನಿಮ್ಮ ಮನಸಿನ್ಯಾಗ ಉಳಿದಿದ್ದ ಯಾವದ್ರಿ?’ ಎಂದು ಸರ್ ಕೇಳಿದರು. ಅವಳು ಯೋಚಿಸಲೂ ಇಲ್ಲ. ಒಲೆಯ ಮುಂದಿನ ಮುದುಕಿಯ ಕಥೆ ಹೇಳಿ, ‘ಇಬ್ಬರಿಗಿ ಆಗೂವಷ್ಟ ಅಡಗಿ ಮಾಡೇನಿ ಅಂತಾಳಲ್ರಿ, ಅದ’ ಎಂದಳು.

ಅಥಣಿಯವರು ಕನ್ನಡಕ ಸರಿಮಾಡಿಕೊಂಡು, ‘ಅಂಥಾ ಮಾತ ಆ ಸಿನಿಮಾದಾಗ ಇಲ್ಲಲ್ರಿ’ ಎಂದರು. ಎಂದವರು ಅಷ್ಟಕ್ಕೆ ಬಿಡಲಿಲ್ಲ, ಟಿವಿಯಲ್ಲಿ ಆ ದೃಶ್ಯ ಹುಡುಕಿ ತೆಗೆದು ಹಚ್ಚಿದರು. ಮುದುಕಿ ಗಂಜಿ ತಿರುವಿದಳು. ಕೊಲೆಗಾರ ಬಂದ. ‘ನೀನಾ’ ಎಂದಳು. ಅಷ್ಟೆ. ಎಲ್ಲರೂ ನೆಗೆಣ್ಣಿಯ ಮುಖ ನೋಡಿದರು.

ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಬೀಳಲಿ, ಎಲ್ಲರ ತಲೆಯ ಮೇಲಿಂದ ಇವಳು ಒಮ್ಮೆ ಕೆಳಗೆ ಬೀಳಲಿ ಎಂದುಕೊಂಡೆ.

‘ನಮ್ಮ ಮನ್ಯಾಗ ನೋಡಿದ ಸಿನಿಮಾದಾಗ ಐತ್ರಿ’ ಎಂದಳು ಅವಳು. ‘ನಮ್ಮ ಅಕ್ಕಾ ಓದಿ ಹೇಳ್ತಾಳ. ಅಕ್ಕಾನ್ನ ಕೇಳ್ರಿ.’

ಆ ಮುಖಗಳೆಲ್ಲ ನನ್ನ ಕಡೆ ತಿರುಗಿದವು. ಎಷ್ಟು ದಿನದಿಂದ ಕಾದಿದ್ದ ಗಳಿಗೆ ಅದು. ಆ ಮಾತು ನನ್ನದು, ನಾನೇ ಕಟ್ಟಿದ್ದು ಅಂದಿದ್ದರೆ ಮುಗಿಯುತ್ತಿತ್ತು. ಆದರೆ ‘ಓದೂದ ತಪ್ಪಿರಬೇಕ್ರಿ’ ಎಂದುಬಿಟ್ಟೆ.

‘ತಪ್ಪಿದ್ರೂ ಲೈ ಭಾರಿ ಐತ್ರಿ. ನಮಗ ಇಷ್ಟ ದಿನಾ ಬರೇ ನೀನಾ ಅನ್ನೂದ ಗೊತ್ತಿತ್ತ’ ಎಂದು ಸರ್ ನಕ್ಕರು. ಎಲ್ಲರೂ ನಕ್ಕು ಚಹಾ ಎತ್ತಿಕೊಂಡರು. ಇಂಥ ಮಾತನ್ನು ಮರೆಯದೆ ಇಟ್ಟುಕೊಂಡಿದ್ದಕ್ಕೆ ಶಹಬ್ಬಾಸ್ ಸಿಕ್ಕಿದ್ದು ಮತ್ತೆ ಅವಳಿಗೇ.

ಊರಿಗೆ ಮರಳುವಾಗ ಬಸ್ಸು ನಿಪ್ಪಾಣಿ ಸ್ಟ್ಯಾಂಡಿನಲ್ಲಿ ಬಹಳ ಹೊತ್ತು ನಿಂತಿತು. ನಾನು ಮುಖ ಗಂಟು ಹಾಕಿಕೊಂಡು ಕಿಟಕಿಯ ಕಡೆ ಕೂತಿದ್ದೆ. ಊರು ದಾಟಿದ ಮೇಲೆ ಅವಳೇ ಬಾಯಿಬಿಟ್ಟಳು.

‘ಓದೂದ ತಪ್ಪಿದ್ದಿಲ್ಲ. ಸುಳ್ಳ ಯಾಕ ಹೇಳಿದಿ ಅಕ್ಕಾ?’

ನಾನು ತಿರುಗಿ ನೋಡಿದೆ.

‘ಆ ಮುದುಕಿ ಬರೇ ನೀನಾ ಅಂತಾಳ. ನನಗ ಅವತ್ತ ಗೊತ್ತಿತ್ತ. ಓದಾಕ ಬರ್ತೈತಿ ನನಗ. ಬಂದ ಹೊಸದಾಗ ಬರ್ತಿದ್ದಿಲ್ಲ, ದಿನಾ ನೋಡಿ ನೋಡಿ ಬಂತ.’

‘ಬರ್ತಿದ್ರ ನನ್ನ ಕಡಿಂದ ಯಾಕ ಓದಸ್ತಿದ್ದಿ?’

‘ನಿನ್ನ ಮಾತ ತಗದ್ರ ಅದರಾಗ ಏನ ಉಳೀತೈತಿ? ಬರೇ ಕೆಂಪ ಬಣ್ಣ.’ ಮತ್ತೆ ಅವಳೇ ಹೇಳಿದಳು. ‘ಈಗೀಗ ನೀ ಏನೋ ಅಂದ, ಏನೋ ಅಂದ ಅಂತಿ. ಅಷ್ಟ ಮಂದಿ ಮುಂದ ಆ ಮಾತ ನಿಂದ ಅಂತ ಗೊತ್ತಾದ್ರ ಮತ್ತ ಹೇಳಾಕ ಸುರು ಮಾಡ್ತಿ ಅಂತ ತಿಳಕೊಂಡಿದ್ದೆ.’

ನನಗೆ ನಾಚಿಕೆಯೂ ಆಯಿತು, ಅವಳ ಮೇಲೆ ಸಿಟ್ಟೂ ಬಂತು. ನನಗೆ ಗೊತ್ತಿಲ್ಲದ ಹಾಗೆ ಇಂಗ್ಲಿಷನ್ನೂ ಕಲಿತಿದ್ದಳಲ್ಲ. ಹೊರಗೆ ಕಬ್ಬಿನ ಗದ್ದೆಗಳ ಮೇಲೆ ಸೂರ್ಯ ಇಳಿದಿದ್ದ. ಮನೆ ಮುಟ್ಟುವ ಹೊತ್ತಿಗೆ ಒಲೆ ಆರಿರುತ್ತದೆ, ಇವತ್ತು ಉಪವಾಸವೇ ಎಂದು ಗೊತ್ತಾಯಿತು. ಅವಳು ಚೀಲದಿಂದ ಒಂದು ಡಬ್ಬಿ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ನನ್ನ ಕಡೆ ತಿರುಗದೆ, ಥೇಟ್ ನಾನು ಮುದುಕಿಗೆ ಕೊಟ್ಟ ದನಿಯಲ್ಲಿ, ‘ಬಸ್ಸ ತಡಾ ಆಕ್ಕೈತಿ ಅಂತ ಗೊತ್ತಿತ್ತ. ಅದಕ್ಕ ಇಬ್ಬರಿಗಿ ಆಗೂವಷ್ಟ ಕಟಗೊಂಡ ಬಂದೇನಿ’ ಎಂದಳು.

ಚಪಾತಿ ಮತ್ತು ಹೆಸರುಕಾಳಿನ ಪಲ್ಯ. ಹೊತ್ತು ಮುಳುಗುವುದರೊಳಗೆ ಇಬ್ಬರೂ ಗಡಿಬಿಡಿಯಲ್ಲಿ ತಿಂದೆವು. ನನಗೆ ಕಟ್ಟಿಕೊಂಡು ಬರಬೇಕೆಂದು ಹೊಳೆದೇ ಇರಲಿಲ್ಲ. ಗುಂಪಿನ ಬೇರೆ ಯಾರಿಗೂ ಅವಳು ಚಪಾತಿ ಕಟ್ಟಿಕೊಂಡು ಬಂದಿಲ್ಲ ಎಂಬುದನ್ನು ಮಾತ್ರ ನಾನು ಗಮನಿಸಿದೆ.

ಮನೆಗೆ ಬಂದು ಕೈಕಾಲು ತೊಳೆದು ಮೊಬೈಲನ್ನು ಬೇಳೆಯ ಡಬ್ಬಿಗೆ ಆನಿಸಿದೆವು. ಲೂಮ್‌ಗಳು ಓಡುತ್ತಿದ್ದವು. ಕತ್ತಲೆಯ ಮನೆ, ಒಬ್ಬ ಹುಡುಗಿ, ಒಂದು ಬಾಗಿಲು. ಕೆಳಗೆ ಮೊದಲ ಸಾಲು ಬಂತು. ಬರುತ್ತದಲ್ಲ, ಓದಲಿ ಎಂದು ಸುಮ್ಮನೆ ಕೂತೆ. ಅವಳು ಒಂದು ಗಳಿಗೆ ಕಾದಳು. ಆಮೇಲೆ ನನ್ನ ಕಿವಿಗೆ ಬಾಯಿ ಹಚ್ಚಿ, ‘ಬಾಗಲಾ ತಗೀಬ್ಯಾಡ’ ಎಂದು ಓದಿದಳು. ಬರೆದದ್ದು ಅಷ್ಟೇ ಇತ್ತು. ಒಂದಕ್ಷರ ತಪ್ಪಿರಲಿಲ್ಲ. ಅಷ್ಟು ಚೊಕ್ಕವಾಗಿ ಓದಿದ್ದು ಕೇಳಿ ನನಗೆ ಮತ್ತೆ ಹೊಟ್ಟೆ ಉರಿಯಿತು.

‘ಹಂಗಲ್ಲ ಅದು. ಇತ್ತ ಸರಿ, ನಾ ಹೇಳ್ತೇನಿ’ ಎಂದೆ.