ಮೊದಲು ಸೆರಗು

ಇದನ್ನು ಹೇಳಲು ಹೊರಟು ಎಷ್ಟೋ ಸಲ ಹಿಂದೆ ಸರಿದಿದ್ದೇನೆ. ನಮ್ಮ ಅತ್ತಿಗೆಯ ಬಲಗೈ ತೋರುಬೆರಳಿನಲ್ಲಿ ಒಂದು ಸಣ್ಣ ಗೆರೆಯಿತ್ತು. ರೇಷ್ಮೆ ಎಳೆ ಜಾರಿ ಜಾರಿ ಬಿದ್ದ ಗೆರೆ. ಮೊಳಕಾಲ್ಮೂರಿನ ನೇಕಾರರ ಮನೆಯಿಂದ ಚಳ್ಳಕೆರೆಯ ನಮ್ಮ ಮನೆಗೆ ಸೊಸೆಯಾಗಿ ಬಂದವರು. ಮಾತು ಅರ್ಧ ಕನ್ನಡ, ಅರ್ಧ ತೆಲುಗು. ನಗು ಮಾತ್ರ ಪೂರ್ತಿ, ಬೀದಿಗೆ ಕೇಳಿಸುವಷ್ಟು. ನನ್ನನ್ನು ಮೈದುನ ಅನ್ನದೆ ತೆಲುಗಿನಲ್ಲಿ ‘ಮರಿದಿ’ ಎಂದೇ ಕರೆಯುತ್ತಿದ್ದರು.

ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿ ಕೂತಿದ್ದೆ. ಕಳಿಸಿದ ಒಂದು ಅರ್ಜಿಗೂ ಉತ್ತರ ಬಂದಿರಲಿಲ್ಲ. ಎಣ್ಣೆ ಮಿಲ್ಲಿನಲ್ಲಿ ಶೇಂಗಾ ನೋಡಿ ತೆಗೆದುಕೊಳ್ಳುವವರು ಬೇಕಾಗಿದ್ದಾರೆಂದು ತಿಳಿದು ಮತ್ತೊಂದು ಬರೆದೆ. ಇದೂ ಹೋದರೆ ಮಂಡಿಯಲ್ಲಿ ಮೂಟೆ ಹೊರುವುದೇ ಎಂದು ಅಣ್ಣ ಹೇಳಿಬಿಟ್ಟಿದ್ದ. ಅತ್ತಿಗೆ ರೊಟ್ಟಿ ತಟ್ಟುತ್ತಾ, “ಓದು, ಕೇಳಾನ” ಎಂದರು.

“ನಾನು ಕಡುಬಡವ. ತಾವೇ ತಂದೆತಾಯಿ, ತಮ್ಮ ಪಾದಕ್ಕೆ ಬಿದ್ದು…” ಎಂದು ಶುರುಮಾಡಿದೆ. ಆಗ ನಾವೆಲ್ಲ ಅರ್ಜಿ ಬರೆಯುತ್ತಿದ್ದುದೇ ಹಾಗೆ.

ಅವರು ನಕ್ಕ ನಗುವಿಗೆ ರೊಟ್ಟಿ ಹರಿಯಿತು. “ಅಯ್ಯೋ ಮರಿದಿ, ಮಿಲ್ಲಿನೋರಿಗೆ ಮಗ ಬೇಕಾಗೈತಾ, ಆಳು ಬೇಕಾಗೈತಾ? ನಮ್ಮಪ್ಪ ಸೀರೆ ತೋರಿಸ್ಬೇಕಾದ್ರೆ ಮೊದ್ಲು ಸೆರಗು ಹರವ್ತಿದ್ದ. ಮನೆ ಸೋರ್ತೈತೆ, ಸೀರೆ ತಗಳ್ರಿ ಅಂತಿದ್ನಾ? ನಿನ್ ಸೆರಗು ಯಾವ್ದು, ಹೇಳು.”

“ನನ್ನತ್ರ ಏನೈತೆ ಅತ್ತಿಗೆ?”

“ಶೇಂಗಾಕಾಯಿ ಕಿವಿ ಹತ್ರ ಅಲ್ಲಾಡಿಸಿ, ಒಣಗೈತೋ ಹಸಿ ಐತೋ ಹೇಳ್ತೀಯಲ್ಲ, ಅದನ್ನೇ ಬರಿ. ಯಾವಾಗ ಬರ್ಲಿ ಅಂತ ಕೇಳಿ ಸುಮ್ನಾಗು.”

ಅರ್ಧ ಪುಟಕ್ಕೇ ಅರ್ಜಿ ಮುಗಿಯಿತು. ಮಾಲೀಕರು ಕರೆಸಿ, ಚೀಲದಿಂದ ಒಂದು ಹಿಡಿ ಕಾಯಿ ತೆಗೆದು ಕೈಗೆ ಕೊಟ್ಟರು. ಅಲ್ಲಾಡಿಸಿ, “ಹಸಿ ಸಾರ್” ಎಂದೆ. ಸುಲಿದು ನೋಡಿ ನಕ್ಕರು.

“ಹಿಂಗೆ ಬರೆಯೋಕೆ ಯಾರಯ್ಯ ಹೇಳ್ಕೊಟ್ಟಿದ್ದು?”

“ಯಾರೂ ಇಲ್ಲ ಸಾರ್, ನಾನೇ.”

ಕೆಲಸ ಸಿಕ್ಕಿತೆಂದು ಆ ಸಂಜೆ ಮನೆಯಲ್ಲಿ ಕೇಸರಿಬಾತು. ನೆಂಟರ ಮುಂದೆಯೂ ‘ನಾನೇ ಬರೆದದ್ದು’ ಎಂದೇ ಹೇಳಿದೆ. ಸಾಲದೆಂದು, “ಅತ್ತಿಗೆ ಮಾತು ಕೇಳಿದ್ರೆ ಅರ್ಜಿ ತೆಲುಗಲ್ಲಿ ಇರ್ತಿತ್ತು” ಎಂದು ಎಲ್ಲರನ್ನೂ ನಗಿಸಿದೆ. ಅತ್ತಿಗೆಯೂ ನಕ್ಕರು, ಆ ನಗು ಬೀದಿಗೆ ಕೇಳಲಿಲ್ಲ. “ತಿನ್ನು ಪಂಡಿತಾ” ಎಂದು ನನ್ನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದರು.

ಆ ಕೆಲಸ ನನ್ನ ಸಂಸಾರವನ್ನು ನಡೆಸಿತು. ಅತ್ತಿಗೆ ತೀರಿಕೊಳ್ಳುವವರೆಗೂ ‘ತಪ್ಪಾಯ್ತು’ ಎಂಬ ಮಾತು ನನ್ನ ಬಾಯಿಂದ ಬರಲಿಲ್ಲ.

ಮೊನ್ನೆ ಮೊಮ್ಮಗಳು ಫೋನಿನಲ್ಲಿ ಕೆಲಸದ ಅರ್ಜಿ ಟೈಪ್ ಮಾಡುತ್ತಿದ್ದಳು. “ಮೊದ್ಲು ಸೆರಗು ಹರವು ಕಣವ್ವ” ಎಂದೆ. ಬಿಡಿಸಿ ಹೇಳಿದ ಮೇಲೆ ಅವಳು ನಕ್ಕ ನಗು ಬೀದಿಗೆಲ್ಲ ಕೇಳಿತು.

“ಸಖತ್ತಾಗೈತೆ ತಾತ! ನಿಂದೇ ಐಡಿಯಾನಾ?”

ಹೂಂ ಎನ್ನಲು ಬಾಯಿ ಆಗಲೇ ತೆರೆದಿತ್ತು.

“ಅಲ್ಲವ್ವ,” ಎಂದೆ. “ನಮ್ಮ ಅತ್ತಿಗೇದು.”